‘ಅವ್ವ ಮನ್ಯಾಗಿಲ್ಲ ಅಂತ ಹೇಳು’
(ಸಿಂಧನೂರು ತಾಲ್ಲೂಕಿನ ಪಾಲಕರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)

ಹಿರಿಯರಿಗೆ, ತಾಯಂದಿರಿಗೆ ಶರಣು. ಹೊಲದ ಕೆಲಸ, ಕೂಲಿ ಬಿಟ್ಟು ಬಂದು ಕುಳಿತಿದ್ದೀರಿ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ.

ಮಕ್ಕಳಿಗೆ ನಾವು ಹೇಳುವ ಸುಳ್ಳು ಒಂದು, ಮಕ್ಕಳ ಬಾಯಿಂದ ನಾವು ಹೇಳಿಸುವ ಸುಳ್ಳು ಇನ್ನೊಂದು. ಎರಡನೆಯದರ ಬೇರು ಆಳ. ಅಲ್ಲಿ ಮಗು ಬರೀ ನೋಡುವುದಿಲ್ಲ, ಮಾಡಿ ಕಲಿಯುತ್ತದೆ. ಸರಿಯಾಗಿ ಮಾಡಿದರೆ ಶಾಬಾಸ್‌ ಬೇರೆ ಸಿಗುತ್ತದೆ.

ಬಸ್ಸಿನ ಮಾತು ತಗೊಳ್ಳಿ. ಸಾರಿಗೆ ನಿಗಮದ ಬಸ್ಸಿನಲ್ಲಿ 6 ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಾಯಿಗೂ ಮಗಳಿಗೂ ರಾಜ್ಯದೊಳಗಿನ ಸಾಮಾನ್ಯ ಬಸ್ಸು ಉಚಿತ. ಉಳಿದವನು ಏಳು ವರ್ಷದ ಮಗ. ‘ಕಂಡಕ್ಟರ್ ಕೇಳಿದ್ರ ಐದು ಅನ್ನು’ ಎಂದು ಅವನ ಕಿವಿಯಲ್ಲಿ ಹೇಳುತ್ತೇವೆ. ತನ್ನ ವಯಸ್ಸು ಎಷ್ಟೆಂದು ಅವನಿಗೆ ಗೊತ್ತು. ದುಡ್ಡು ಉಳಿಯುತ್ತದೆಂದರೆ ಅದನ್ನೂ ಕಡಿಮೆ ಹೇಳಬಹುದು ಎಂಬುದು ಆವತ್ತು ಗೊತ್ತಾಗುತ್ತದೆ. ಇದಕ್ಕೆ ಪರಿಹಾರ ಸರಳ. ಬಸ್ ಹತ್ತುವ ಮೊದಲೇ ಅರ್ಧ ಟಿಕೆಟ್ಟಿನ ದುಡ್ಡು ಅವನ ಕೈಗೇ ಕೊಡಿ. ‘ಏಳು ವರ್ಷ, ಅರ್ಧ ಟಿಕೆಟ್’ ಎಂದು ಅವನೇ ಕೇಳಿ ತಗೊಳ್ಳಲಿ.

ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಗೆ ಬರುವ ರಜಾ ಚೀಟಿಗಳಲ್ಲಿ ಎಲ್ಲ ಮಕ್ಕಳಿಗೂ ಜ್ವರ! ಚೀಟಿ ಬರೆಯುವುದು ಹೆಚ್ಚಾಗಿ ಮಗುವೇ, ಅಪ್ಪ ಹೇಳಿದಂತೆ. ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ ಎಂಬುದೇ ಮೊದಲ ಮಾತು. ಆದರೂ ತಪ್ಪಿದ ದಿನ ಇದ್ದರೆ, ಇದ್ದ ಕಾರಣವನ್ನೇ ಬರೆದು ನೀವೇ ಸಹಿ ಹಾಕಿ. ಮೇಷ್ಟ್ರು ಬೈಯಬಹುದು, ಅದು ನಿಮ್ಮನ್ನು. ಯಾವ ಪಾಠ ತಪ್ಪಿತೆಂದು ಅವರಿಗೂ ತಿಳಿಯುತ್ತದೆ. ಸುಳ್ಳು ಜ್ವರದ ಚೀಟಿಯಾದರೆ ಗೆಳೆಯರ ಮುಂದೆ ಅದನ್ನು ನಿಭಾಯಿಸುವ ಭಾರ ಪೂರ್ತಿ ಮಗುವಿನ ಮೇಲೆ ಬೀಳುತ್ತದೆ.

ಇನ್ನು ಸಂಘದ ಸಾಲದ ಕಂತು. ವಸೂಲಿಯವರು ಬಂದಾಗ ತಾಯಿ ಅಡುಗೆಮನೆಯಲ್ಲಿ, ಮಗು ಬಾಗಿಲಲ್ಲಿ: ‘ಅವ್ವ ಮನ್ಯಾಗಿಲ್ಲ.’ ಇಲ್ಲಿ ತಾಯಿಯ ಸಂಕಟ ನಿಜವಾದದ್ದು, ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೆ ಅಡಗುವ ಅಗತ್ಯ ನಾವು ಅಂದುಕೊಂಡಷ್ಟಿಲ್ಲ. ಇಂಥ ಅಡವಿಲ್ಲದ ಸಣ್ಣ ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸ್ ಸಾಲಕ್ಕೆ, ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದಂತೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಕರ್ನಾಟಕದಲ್ಲೂ 2025ರಲ್ಲಿ ಬಲವಂತದ ವಸೂಲಿ ತಡೆಯುವ ಕಾನೂನು ಬಂದಿದೆ. ಹೊರಗೆ ಬಂದು, ‘ಈ ವಾರ ಇಷ್ಟೇ ಅದ, ಉಳಿದದ್ದು ಇಂಥ ದಿನ’ ಎಂದು ಹೇಳಿ, ಕೊಟ್ಟಷ್ಟಕ್ಕೆ ರಸೀದಿ ಪಡೆಯಿರಿ. ಆಗದ ದಿನಾಂಕವನ್ನು ಮಾತ್ರ ಹೇಳಬೇಡಿ. ಮಗು ಆ ದಿನವನ್ನೂ ನೆನಪಿಟ್ಟುಕೊಳ್ಳುತ್ತದೆ.

ಇಷ್ಟು ಸಣ್ಣ ಸಂಗತಿಗಳಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಪ್ರಯೋಗ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದು. 3ರಿಂದ 7 ವರ್ಷದ 186 ಮಕ್ಕಳು. ಅರ್ಧ ಮಕ್ಕಳಿಗೆ ‘ಪಕ್ಕದ ಕೋಣೆಯಲ್ಲಿ ಮಿಠಾಯಿ ಇದೆ’ ಎಂದು ಹೇಳಿ, ಆಮೇಲೆ ‘ಅದು ಸುಳ್ಳು, ನೀನು ಆಟಕ್ಕೆ ಬರಲೆಂದು ಹೇಳಿದೆ’ ಎಂದರು. ನಂತರ ಬೆನ್ನ ಹಿಂದಿನ ಆಟಿಕೆಯ ಸದ್ದಷ್ಟೇ ಕೇಳಿಸಿ, ತಿರುಗಿ ನೋಡಬೇಡ ಎಂದು ಹೇಳಿ ಹೊರಗೆ ಹೋದರು. ಶಾಲೆಗೆ ಹೋಗುವ ವಯಸ್ಸಿನವರಲ್ಲಿ, ಸುಳ್ಳು ಕೇಳದ ಮಕ್ಕಳ ಪೈಕಿ ಸುಮಾರು ಶೇ. 60 ಇಣುಕಿದರೆ, ಕೇಳಿದವರಲ್ಲಿ ಸುಮಾರು ಶೇ. 80. ಇಣುಕಿದವರ ಪೈಕಿ ಅದನ್ನು ಮುಚ್ಚಿಟ್ಟವರು ಮೊದಲ ಗುಂಪಿನಲ್ಲಿ ಶೇ. 60ರಷ್ಟು, ಎರಡನೆಯದರಲ್ಲಿ ಹತ್ತಿರ ಹತ್ತಿರ ಶೇ. 90. ಮೂರು-ನಾಲ್ಕು ವರ್ಷದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಗು ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನಮ್ಮನ್ನು ಅಳೆಯುವುದು ಶುರುವಾಗಿರುತ್ತದೆ.

ಮಗುವೇ ಸುಳ್ಳು ಹೇಳಿದರೆ? ನಾಲ್ಕು ವರ್ಷದ ಮಗು ಸುಳ್ಳು ಹೇಳಿತೆಂದು ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ನನಗೆ ಗೊತ್ತಿರುವುದು ಅವ್ವನಿಗೆ ಗೊತ್ತಿಲ್ಲ ಎಂಬ ತಿಳಿವಳಿಕೆ ಬಂದಾಗಲೇ ಸುಳ್ಳೂ ಬರುತ್ತದೆ. ನಾವು ಮಾಡುವ ದೊಡ್ಡ ತಪ್ಪು ಎಂದರೆ ಗೊತ್ತಿದ್ದೂ ಕೇಳುವುದು. ಡಬ್ಬಿಯಿಂದ ಹತ್ತು ರೂಪಾಯಿ ತೆಗೆದದ್ದು ಕಣ್ಣಾರೆ ಕಂಡಿದ್ದರೆ, ‘ತಗೊಂಡ್ಯಾ?’ ಎಂದು ಗದರಿ ಕೇಳಿದಾಗ ನಾವೇ ಸುಳ್ಳಿಗೆ ದಾರಿ ಮಾಡಿಕೊಟ್ಟಂತೆ. ‘ಹತ್ತು ರೂಪಾಯಿ ತಗೊಂಡಿದ್ದು ನೋಡೀನಿ. ಯಾಕ ಬೇಕಿತ್ತು?’ ಎಂದು ಕೇಳಿ. ಉಳಿದ ದುಡ್ಡು ಅವನೇ ಡಬ್ಬಿಗೆ ಹಾಕಲಿ. ಖರ್ಚಾದದ್ದನ್ನು ಮುಂದಿನ ವಾರಗಳ ಕೈಖರ್ಚಿನಲ್ಲಿ ಹಿಡಿಯಿರಿ. ಹೊಡೆಯಬೇಡಿ. ಹೊಡೆತ ತಿಂದ ಮಗು ಕದಿಯುವುದನ್ನು ಬಿಡುತ್ತದೋ ಇಲ್ಲವೋ, ಸಿಕ್ಕಿಬೀಳದಂತೆ ಸುಳ್ಳು ಹೇಳುವುದನ್ನಂತೂ ಕಲಿಯುತ್ತದೆ.

ಎಲ್ಲವನ್ನೂ ಮಕ್ಕಳಿಗೆ ಹೇಳಬೇಕೆಂದಿಲ್ಲ. ‘ಇದು ದೊಡ್ಡವರ ಮಾತು, ಈಗ ಹೇಳಂಗಿಲ್ಲ’ ಎಂದರೆ ಅದು ಸುಳ್ಳಲ್ಲ. ಸೂಜಿ ಚುಚ್ಚುವ ಮುಂಚೆ ‘ಸ್ವಲ್ಪ ನೋಯ್ತದ, ಕೈ ಹಿಡಕೊಂಡಿರ್ತೀನಿ’ ಎನ್ನಿ.

ಇದೆಲ್ಲ ಶುರು ಮಾಡಿದ ಮೇಲೆ ಒಂದು ದಿನ ಹೀಗಾದೀತು. ನೀವು ಒಳಗಿದ್ದೀರಿ, ಹೊರಗೆ ವಸೂಲಿಯವರು. ನೀವು ಏನೂ ಹೇಳಿಕೊಡುವ ಮೊದಲೇ ಮಗು ‘ಅವ್ವ ಒಳಗ ಅದಾಳ’ ಎಂದುಬಿಡುತ್ತದೆ. ಆ ಹೊತ್ತಿನಲ್ಲಿ ಕಣ್ಣು ಕೆಂಪಗೆ ಮಾಡಬೇಡಿ, ಅವರು ಹೋದ ಮೇಲೂ ಬೈಯಬೇಡಿ. ಕೈ ಒರೆಸಿಕೊಂಡು ಹೊರಗೆ ಬನ್ನಿ, ಮಗುವಿನ ಪಕ್ಕದಲ್ಲೇ ನಿಂತು ಇದ್ದದ್ದನ್ನು ಹೇಳಿ.