ನೂರರ ವಯೋವರ್ಗದಲ್ಲಿ ಒಬ್ಬರೇ

ನಮಸ್ಕಾರ. 2015ರ ಏಪ್ರಿಲ್ 4ರಂದು ಜಪಾನಿನ ಮತ್ಸುಯಾಮಾದಲ್ಲಿ ನಡೆದ ಮಾಸ್ಟರ್ಸ್, ಎಂದರೆ ವಯಸ್ಕರಿಗಾಗಿ ವಯೋವರ್ಗವಾರು ನಡೆಯುವ, ಈಜು ಕೂಟದಲ್ಲಿ ಮಿಯೆಕೊ ನಾಗಾವೊಕಾ ಎಂಬ ನೂರು ವರ್ಷದ ಮಹಿಳೆ 1500 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು 1 ಗಂಟೆ 15 ನಿಮಿಷ 54.39 ಸೆಕೆಂಡುಗಳಲ್ಲಿ ಪೂರ್ಣಗೊಳಿಸಿದರು. ನೂರು ತುಂಬಿದವರೊಬ್ಬರು ಸ್ಪರ್ಧೆಯಲ್ಲಿ ಅಷ್ಟು ದೂರ ಈಜಿ ಮುಗಿಸಿದ್ದು ಅದೇ ಮೊದಲು. ಸುದ್ದಿ ದೇಶದೇಶಗಳಿಗೆ ಹಬ್ಬಿತು. ಅದರ ಬೆನ್ನಿಗೇ ಇನ್ನೊಂದು ವಿಷಯವೂ ಹೊರಬಂತು: 100ರಿಂದ 104 ವರ್ಷದವರ ವಿಭಾಗದಲ್ಲಿ ಅಂದು ಸ್ಪರ್ಧಿಸಿದವರು ಅವರೊಬ್ಬರೇ. ಎದುರಾಳಿಯೇ ಇಲ್ಲದಿದ್ದಾಗ ಅದನ್ನು ಗೆಲುವೆಂದು ಹೇಗೆ ಕರೆಯುವುದು ಎಂಬ ಪ್ರಶ್ನೆಯನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಕೇಳಿದವರಲ್ಲಿ ಕುಹಕವಿರಲಿಲ್ಲ, ಆದ್ದರಿಂದ ಇಂದು ಅದಕ್ಕೆ ಸಾವಧಾನವಾಗಿ ಉತ್ತರಿಸಬೇಕೆಂದಿದ್ದೇನೆ.

ಮೊದಲು ಆ ಈಜನ್ನೇ ನೋಡೋಣ. ಅದು 25 ಮೀಟರ್ ಉದ್ದದ ಕೊಳ. 1500 ಮೀಟರ್ ಎಂದರೆ ಈ ತುದಿಯಿಂದ ಆ ತುದಿಗೆ ಅರವತ್ತು ಸಲ, ನಡುವೆ ಐವತ್ತೊಂಬತ್ತು ಟರ್ನ್. ಅವರ ಒಟ್ಟು ಸಮಯವನ್ನು ಅರವತ್ತರಿಂದ ಭಾಗಿಸಿದರೆ ಪ್ರತಿ 25 ಮೀಟರಿಗೆ ಸರಾಸರಿ 76 ಸೆಕೆಂಡಿಗಿಂತ ತುಸು ಕಡಿಮೆ ಬರುತ್ತದೆ. ಅವರು ಈಜಿದ್ದು ಬೆನ್ನ ಮೇಲೆ, ಬ್ಯಾಕ್‌ಸ್ಟ್ರೋಕ್‌ನಲ್ಲಿ. ಇದರಲ್ಲಿ ನಿಯಮಭಂಗವೇನೂ ಇಲ್ಲ. ಫ್ರೀಸ್ಟೈಲ್ ಎಂಬುದು ಹೆಸರೇ ಹೇಳುವಂತೆ ಈಜುಗಾರ ತನಗೆ ಬೇಕಾದ ಶೈಲಿಯನ್ನು ಆರಿಸಿಕೊಳ್ಳಬಹುದಾದ ಸ್ಪರ್ಧೆ. ಬಹುತೇಕ ಎಲ್ಲರೂ ಬೋರಲಾಗಿ ಒಂದಾದ ಮೇಲೊಂದು ಕೈ ಬೀಸುವ ಕ್ರಾಲ್ ಈಜುವುದರಿಂದ ನಾವು ಅದನ್ನೇ ಫ್ರೀಸ್ಟೈಲ್ ಎಂದು ಭಾವಿಸಿಕೊಂಡಿದ್ದೇವೆ, ಅಷ್ಟೆ. ಬೆನ್ನ ಮೇಲೆ ಈಜುವಾಗ ಮುಖ ನೀರಿನ ಹೊರಗಿರುತ್ತದೆ, ಉಸಿರಿಗಾಗಿ ಪ್ರತಿ ಸಲ ಕುತ್ತಿಗೆ ಹೊರಳಿಸಬೇಕಾಗಿಲ್ಲ. ಒಂದೂಕಾಲು ಗಂಟೆ ನೀರಿನಲ್ಲಿರಬೇಕಾದವರಿಗೆ ಈ ಅನುಕೂಲ ಸಣ್ಣದಲ್ಲ, ಅದನ್ನು ತಿಳಿದು ಆರಿಸಿಕೊಂಡ ಲೆಕ್ಕಾಚಾರವೂ ಕ್ರೀಡೆಯ ಭಾಗವೇ ಎಂದು ನಾನು ನಂಬುತ್ತೇನೆ.

1914ರಲ್ಲಿ ಹುಟ್ಟಿದ ನಾಗಾವೊಕಾ ಈಜಿಗೆ ಇಳಿದದ್ದು ಎಂಬತ್ತರ ವಯಸ್ಸಿನಲ್ಲಿ, ಅದೂ ಮಂಡಿನೋವಿನ ಆರೈಕೆಗಾಗಿ. ನೀರು ದೇಹದ ಭಾರವನ್ನು ಎತ್ತಿ ಹಿಡಿಯುತ್ತದೆ, ಆದ್ದರಿಂದ ನೆಲದ ಮೇಲೆ ಸಹಕರಿಸದ ಮಂಡಿ ಕೊಳದಲ್ಲಿ ಸಹಕರಿಸುತ್ತದೆ. ಆರೈಕೆಯೆಂದು ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ನ್ಯೂಜಿಲೆಂಡ್‌ನ ಮಾಸ್ಟರ್ಸ್ ಕೂಟದಲ್ಲಿ 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಂಚು, ಎರಡು ವರ್ಷಗಳ ನಂತರ ಇಟಲಿಯಲ್ಲಿ ಬೆಳ್ಳಿ, ಮುಂದೆ ವಿಶ್ವದಾಖಲೆಗಳ ಸಾಲು. ಎಂದರೆ ನೂರನೆಯ ವಯಸ್ಸಿನಲ್ಲಿ ಅವರು ನೀರಿನಲ್ಲಿ ಒಂಟಿಯಾಗಿ ಕಾಣುವ ಮೊದಲು ಜೊತೆಗಾರರೂ ಎದುರಾಳಿಗಳೂ ಇದ್ದ ವಿಭಾಗಗಳನ್ನು ಈಜಿ ದಾಟಿಯೇ ಬಂದಿದ್ದರು.

ಮಾಸ್ಟರ್ಸ್ ಈಜಿನಲ್ಲಿ ಸ್ಪರ್ಧಿಗಳನ್ನು ಐದೈದು ವರ್ಷಗಳ ಗುಂಪುಗಳಲ್ಲಿ ವಿಂಗಡಿಸುತ್ತಾರೆ. ಅಂತರರಾಷ್ಟ್ರೀಯ ದಾಖಲೆಗಳಿಗೆ ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸಾಗುತ್ತದೆ ಎಂಬುದೇ ಲೆಕ್ಕ. 1970ರಲ್ಲಿ ಅಮೆರಿಕದ ಟೆಕ್ಸಸ್‌ನ ಅಮರಿಲೊ ಎಂಬ ಊರಿನಲ್ಲಿ ಅಲ್ಲಿನ ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆದಾಗ ಅದರ ಹಿಂದಿದ್ದವರಲ್ಲಿ ಒಬ್ಬರು ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್. ವಯಸ್ಕರು ವ್ಯಾಯಾಮ ಬಿಡದಿರಲು ಸ್ಪರ್ಧೆಯೊಂದು ಕಾರಣವಾಗಲಿ ಎಂಬುದು ಅವರ ಆಶಯವಾಗಿತ್ತು.

ಇನ್ನು ಎದುರಾಳಿಯ ಪ್ರಶ್ನೆ. 2014ರಲ್ಲಿ ಬ್ರಿಟನ್ನಿನ ಜಾನ್ ಹ್ಯಾರಿಸನ್ ಇದೇ ನೂರರ ವಯೋವರ್ಗದ ಪುರುಷರ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 1 ನಿಮಿಷ 31.19 ಸೆಕೆಂಡಿನ ದಾಖಲೆ ಬರೆದಿದ್ದರು. ಭಾಗವಹಿಸಿದ್ದಕ್ಕೆ ಕೊಟ್ಟ ಬಹುಮಾನವೆಂದು ಅದನ್ನು ಬದಿಗಿಡುವವರು ಮುಂದೆ ಏನಾಯಿತೆಂದು ಗಮನಿಸಬೇಕು. 2018ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ ಆಯ್ಕೆ ಸ್ಪರ್ಧೆಗಳ ನಡುವೆ, ಜಾರ್ಜ್ ಕೊರೋನಿಸ್ ಅದೇ ದೂರವನ್ನು 56.12 ಸೆಕೆಂಡಿನಲ್ಲಿ ಈಜಿದರು. ನೂರು ತುಂಬಲು ಅವರಿಗೆ ಇನ್ನೂ ಒಂದೆರಡು ತಿಂಗಳಿತ್ತು, ಆದರೆ ಡಿಸೆಂಬರ್ 31ರ ಲೆಕ್ಕದಿಂದ ಅವರು ಆ ವಿಭಾಗಕ್ಕೆ ಸೇರಿದ್ದರು. ದಾಖಲೆ ಇಳಿದದ್ದು ಒಂದೇ ಸಲಕ್ಕೆ 35 ಸೆಕೆಂಡು. ಅಂದು ಅವರೂ ಕೊಳದಲ್ಲಿ ಒಬ್ಬರೇ ಇದ್ದರು, ಆದರೆ ಎದುರಾಳಿ ಇರಲಿಲ್ಲವೆಂದು ನಾನು ಒಪ್ಪಲಾರೆ. ನಾಲ್ಕು ವರ್ಷಗಳ ಹಿಂದೆ ಮತ್ತೊಬ್ಬ ವೃದ್ಧರು ಬರೆದಿಟ್ಟು ಹೋದ ಸಮಯ ಅವರ ಜೊತೆಗೆ ಈಜುತ್ತಿತ್ತು. 2024ರ ಜನವರಿಯಲ್ಲಿ ಕೆನಡಾದ ಬೆಟಿ ಬ್ರಸಲ್ 99ರಲ್ಲಿದ್ದಾಗ ಒಂದೇ ಕೂಟದಲ್ಲಿ ಮೂರು ವಿಶ್ವದಾಖಲೆಗಳನ್ನು ಮಾಡಿದರು, ಅವುಗಳಲ್ಲಿ 400 ಮೀಟರ್ ಫ್ರೀಸ್ಟೈಲ್ ಕೂಡ ಒಂದು. ಯಾರೂ ಇಲ್ಲವೆಂದು ನಾವು ತಿಳಿದಿದ್ದ ವಿಭಾಗ ಹೀಗೆ ಒಬ್ಬೊಬ್ಬರಾಗಿ ತುಂಬುತ್ತಿದೆ.

ಆದ್ದರಿಂದಲೇ ಇಂಥವರ ಸುದ್ದಿಯನ್ನು ನಾವು ಬರೆಯುವ, ಹೇಳುವ ರೀತಿ ನನಗೆ ನೋವು ತರುತ್ತದೆ. ‘ಈಜುವ ಅಜ್ಜಿ’ ಎಂಬ ತಲೆಬರಹ, ಮುಗುಳ್ನಗೆಯ ಒಂದು ಚಿತ್ರ, ವಯಸ್ಸು ಎಷ್ಟೆಂಬ ಅಂಕಿ, ಅಲ್ಲಿಗೆ ಮುಗಿಯಿತು. ನಮ್ಮಲ್ಲಿಯೇ, 2023ರ ನವೆಂಬರ್‌ನಲ್ಲಿ ಮಂಗಳೂರಿನ ಎಮ್ಮೆಕೆರೆಯ ಈಜುಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆದಾಗ ದೇಶದ ನಾನಾ ಭಾಗಗಳಿಂದ ಹಿರಿಯ ಈಜುಗಾರರು ಬಂದಿದ್ದರು. ನಾನು ಓದಿದ ವರದಿಗಳಲ್ಲಿ ಯಾರು ಎಷ್ಟು ಪದಕ ಗೆದ್ದರೆಂಬುದಿತ್ತು, ಎಷ್ಟು ಸೆಕೆಂಡಿನಲ್ಲಿ ಈಜಿದರೆಂಬುದು ಇರಲಿಲ್ಲ. ಇಪ್ಪತ್ತರ ಈಜುಗಾರನ ಸೆಕೆಂಡಿನ ನೂರನೆಯ ಭಾಗವನ್ನೂ ಬಿಡದೆ ಅಚ್ಚು ಹಾಕುವ ನಾವು, ಎಪ್ಪತ್ತರವರ ನಿಮಿಷವನ್ನೇ ಕೈಬಿಡುತ್ತೇವೆ. ಅವರು ವರ್ಷವಿಡೀ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡುವುದು ಆ ಸಮಯಕ್ಕಾಗಿಯೇ. ಸಮಯವನ್ನು ಬರೆಯದಿದ್ದರೆ ಮುಂದಿನ ವರ್ಷ ಬರುವವರು ತಾವು ಯಾರ ಜೊತೆ ಈಜುತ್ತಿದ್ದೇವೆಂದು ತಿಳಿಯುವುದಾದರೂ ಹೇಗೆ?

ನಾಗಾವೊಕಾ ಆ ಈಜಿನ ನಂತರ, ಬದುಕಿದ್ದರೆ 105ರವರೆಗೂ ಈಜುವ ಆಸೆಯಿದೆ ಎಂದು ಸುದ್ದಿಗಾರರಿಗೆ ತಿಳಿಸಿದ್ದರು. 2021ರ ಜನವರಿಯಲ್ಲಿ ಅವರು ತೀರಿಕೊಂಡಾಗ ಅವರಿಗೆ 106 ವರ್ಷವಾಗಿತ್ತು.