ನೀರು ಮೊದಲು, ಸ್ವಿಚ್ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶನಿವಾರ ಬೆಳಗಿನ ಜಾವ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ನೋಡಿ. ಊರು ಬಿಟ್ಟು ಹೊರಟ ಕಾರು, ಬೈಕುಗಳ ನಡುವೆ ಈಗ ಒಂದೊಂದು ಕ್ಯಾರವಾನ್ ಕೂಡ ಕಾಣಿಸುತ್ತದೆ. ಒಳಗೇ ಹಾಸಿಗೆ, ಒಲೆ, ಪುಟ್ಟ ಬಚ್ಚಲು. ಬೆಂಗಳೂರಿನಲ್ಲಿ ಇವು ಬಾಡಿಗೆಗೂ ಸಿಗುತ್ತವೆ. ವ್ಯಾನ್ ಕೊಂಡು ತಮಗೆ ಬೇಕಾದ ಹಾಗೆ ಮಾಡಿಸಿಕೊಂಡವರೂ ಇದ್ದಾರೆ. ಈ ಗಾಡಿಗಳಲ್ಲಿರುವ ಗೀಸರ್ ಬಗ್ಗೆ ಇವತ್ತು ಮಾತಾಡೋಣ. ಡಿಸೆಂಬರಿನಲ್ಲಿ ಸಕಲೇಶಪುರದ ಕಡೆಯೋ ಮಡಿಕೇರಿಯ ಕಡೆಯೋ ಹೋದಾಗ ಬಿಸಿನೀರು ಎಷ್ಟು ದೊಡ್ಡ ಸುಖ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಮನೆಯ ಗೀಸರ್ ಬಗ್ಗೆ ನಾವು ಯೋಚನೆ ಮಾಡುವುದೇ ಇಲ್ಲ. ಮಾಳಿಗೆ ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಬಂದು ಗೀಸರ್ ತುಂಬಿಯೇ ಇರುತ್ತದೆ. ಎದ್ದ ತಕ್ಷಣ ಸ್ವಿಚ್ ಹಾಕುತ್ತೇವೆ, ಅಷ್ಟೇ. ಗಾಡಿಯಲ್ಲಿ ಹಾಗಿಲ್ಲ. ಅಲ್ಲಿ ನೀರಿನ ಟ್ಯಾಂಕು ಕೆಳಗಡೆ ಇರುತ್ತದೆ. 12 ವೋಲ್ಟಿನ ಸಣ್ಣ ಪಂಪು ನೀರನ್ನು ತಳ್ಳಿದರೆ ಮಾತ್ರ ಅದು ಗೀಸರಿಗೆ ಹೋಗುತ್ತದೆ. ಪಂಪು ಹಾಕದೆ, ಗೀಸರ್ ಖಾಲಿ ಇರುವಾಗಲೇ ಸ್ವಿಚ್ ಹಾಕಿದರೆ ಒಳಗಿನ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಕ್ಯಾರವಾನ್ ಗೀಸರ್ ಕೆಡುವುದಕ್ಕೆ ಇದು ತುಂಬಾ ಸಾಮಾನ್ಯವಾದ ಕಾರಣ.

ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬ ಅಂತಲೇ ಒಂದು ಸಂಜೆ ಇದೆ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿ ಪೂಜೆ ಮಾಡುತ್ತಾರೆ. ಬೆಂಕಿ ಹಾಕುವುದು ಆಮೇಲೆ. ಗಾಡಿಯ ಗೀಸರಿಗೂ ಇದೇ ಕ್ರಮ.

ತುಂಬಿದೆ ಅಂತ ತಿಳಿಯುವುದು ಹೇಗೆ? ಪಂಪು ಹಾಕಿ, ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ. ಮೊದಲು ಬರೀ ಗಾಳಿ ಬರುತ್ತದೆ. ಆಮೇಲೆ ನಲ್ಲಿ ಕೆಮ್ಮಿದ ಹಾಗೆ ನೀರು ಬಿಟ್ಟು ಬಿಟ್ಟು ಚಿಮ್ಮುತ್ತದೆ. ಆಗ ನಲ್ಲಿ ಮುಚ್ಚಬೇಡಿ. ಕೆಲವು ನಿಮಿಷ ಬಿಟ್ಟರೆ ಧಾರೆ ಒಂದೇ ಸಮನಾಗುತ್ತದೆ. ಈಗ ಮುಚ್ಚಿ, ಕಿವಿಗೊಟ್ಟು ಕೇಳಿ. ಗುರ್ ಅನ್ನುತ್ತಿದ್ದ ಪಂಪು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಟ್ಯಾಂಕಿನಲ್ಲಿ ನೀರು ಮುಗಿದಿದೆ.

ಹೊರದೇಶದಿಂದ ಬಂದ ಗೀಸರ್ ಆದರೆ ಇನ್ನೊಂದು ವಿಷಯ ನೋಡಬೇಕು. ಅದರ ಹಿಂದೆ ಬೈಪಾಸ್ ವಾಲ್ವ್ ಇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಗೀಸರ್ ಖಾಲಿ ಮಾಡಿ, ನೀರು ಅದರೊಳಗೆ ಹೋಗದೆ ಪಕ್ಕದಿಂದಲೇ ನಲ್ಲಿಗೆ ಹೋಗುವ ಹಾಗೆ ಮಾಡಲು ಈ ವಾಲ್ವ್ ಇಟ್ಟಿರುತ್ತಾರೆ. ಯಾರಾದರೂ ಅದನ್ನು ಹಾಗೇ ತಿರುಗಿಸಿ ಬಿಟ್ಟಿದ್ದರೆ, ಬಿಸಿನೀರಿನ ನಲ್ಲಿಯಲ್ಲಿ ನೀರು ಚೆನ್ನಾಗಿಯೇ ಬರುತ್ತದೆ. ಆದರೆ ಗೀಸರ್ ಒಳಗೆ ಒಂದು ತೊಟ್ಟೂ ಇರುವುದಿಲ್ಲ! ಅದಕ್ಕೇ, ಗೀಸರ್ ತಣ್ಣಗಿರುವಾಗ ಹೊರಗಡೆಯ ಸೇಫ್ಟಿ ವಾಲ್ವಿನ ಹಿಡಿಯನ್ನು ಸ್ವಲ್ಪ ಎತ್ತಿ ನೋಡಿ. ನೀರು ಬಂದರೆ ಸರಿ, ಬರೀ ಗಾಳಿ ಬಂದರೆ ಸ್ವಿಚ್ ಮುಟ್ಟಬೇಡಿ. ಈ ವಾಲ್ವ್ ನೀರು ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. ಕಾದ ನೀರು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕಲ್ಲ. ತೊಟ್ಟಿಕ್ಕುತ್ತದೆ ಅಂತ ಅದಕ್ಕೆ ಮುಚ್ಚಳ ಬಿಗಿಸುವುದು ಮಾತ್ರ ಪ್ರಾಣಕ್ಕೇ ಅಪಾಯ. ಒಳಗಿನ ಒತ್ತಡ ಹೊರಹೋಗುವುದಕ್ಕೆ ಇರುವ ದಾರಿ ಅದು.

ಇನ್ನು ಕರೆಂಟು. ಗೀಸರ್ 2000 ವ್ಯಾಟ್ ಇದ್ದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹೋಂಸ್ಟೇಯ ಜಗಲಿಯಲ್ಲಿ ಮೊಬೈಲ್ ಚಾರ್ಜಿಗೆ ಇಟ್ಟಿರುವ ಸಣ್ಣ ಪ್ಲಗ್ಗಿಗೆ ಇದು ಜಾಸ್ತಿ ಆಯಿತು. ದಪ್ಪ ಪಿನ್ನಿನ 15 ಆಂಪಿಯರ್ ಪ್ಲಗ್ಗೇ ಬೇಕು ಅಂತ ಕೇಳಿ. ವೈರನ್ನು ಸುರುಳಿ ಬಿಚ್ಚಿ ಪೂರ್ತಿ ಹರಡಿ. ಸುತ್ತಿಟ್ಟ ವೈರಿನಲ್ಲಿ ಶಾಖ ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತದೆ. ಅರ್ಥಿಂಗ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳದೆ ಗಾಡಿಗೆ ಕರೆಂಟು ಕೊಡಲೇಬೇಡಿ. ನೀವು ಸ್ನಾನ ಮಾಡುತ್ತಿರುವುದು ತಗಡಿನ ಡಬ್ಬದೊಳಗೆ. ಕರೆಂಟು ಸೋರಿದರೆ ಇಡೀ ಗಾಡಿಗೇ ಹರಿಯುತ್ತದೆ.

ಬ್ಯಾಟರಿಯಲ್ಲೇ ನೀರು ಕಾಯಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಹಾಕೋಣ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 700 ವ್ಯಾಟ್-ಅವರ್ ಬೇಕು. 12 ವೋಲ್ಟು, 100 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಒಟ್ಟು ಇರುವುದು 1200. ಲೆಡ್-ಆಸಿಡ್ ಬ್ಯಾಟರಿಯಾದರೆ ಬಾಳಿಕೆ ಬರಲಿ ಅಂತ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಒಂದು ಸಲ ನೀರು ಕಾಯಿಸಿದರೆ ರಾತ್ರಿ ದೀಪಕ್ಕೂ ಫ್ಯಾನಿಗೂ ಉಳಿಯುವುದಿಲ್ಲ. ಅದೇ 15 ಲೀಟರಿಗೆ ತಣ್ಣೀರು ಬೆರೆಸಿದರೆ ಸುಮಾರು 30 ಲೀಟರ್ ಹದವಾದ ನೀರು ಸಿಗುತ್ತದೆ. ಶವರ್ ಬಿಟ್ಟು ಬಕೆಟ್ಟು, ಚೊಂಬು ಇಟ್ಟುಕೊಂಡರೆ ಇಬ್ಬರ ಸ್ನಾನ ಆರಾಮಾಗಿ ಆಗುತ್ತದೆ. ಮಕ್ಕಳಿದ್ದರೆ ತಣ್ಣೀರು ಮೊದಲು ಬಕೆಟ್ಟಿಗೆ ಹಾಕಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ.

ಗ್ಯಾಸಿನಲ್ಲಿ ಕಾಯುವ ಗೀಸರೂ ಇವೆ. ಕ್ಯಾರವಾನಿಗೆಂದೇ ಮಾಡಿದ ಗೀಸರಿನ ಉರಿ, ಹೊಗೆ ಎರಡೂ ಗಾಡಿಯ ಹೊರಮೈಯಲ್ಲಿರುವ ಜಾಲರಿ ಕಡೆಗೇ ಇರುತ್ತವೆ, ಒಳಗಿನ ಗಾಳಿಗೆ ಬೆರೆಯುವುದಿಲ್ಲ. ಹಚ್ಚುವ ಮುಂಚೆ ಒಂದು ನಿಮಿಷ ಒಲೆ ಹಚ್ಚಿ, ಪೈಪಿನಲ್ಲಿದ್ದ ಗಾಳಿ ಹೋಗುತ್ತದೆ. ಗೀಸರ್ ಸಾಮಾನ್ಯವಾಗಿ ಮೂರು ಸಲ ಕಿಡಿ ಹಾರಿಸಿ ನೋಡುತ್ತದೆ, ಹೊತ್ತದಿದ್ದರೆ ತಾನೇ ನಿಲ್ಲಿಸುತ್ತದೆ. ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಉರಿ ನೀಲಿಯಾಗಿರಬೇಕು. ಹಳದಿ ಉರಿ, ಮಸಿ ಕಂಡರೆ ಕೊಳವೆಯಲ್ಲಿ ಜೇಡ ಬಲೆ ಕಟ್ಟಿದೆಯೋ ಕಣಜ ಮಣ್ಣಿನ ಗೂಡು ಕಟ್ಟಿದೆಯೋ ನೋಡಿಸಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ಇದ್ದದ್ದೇ. ಗಾಡಿ ಓಡುವಾಗ ಸಿಲಿಂಡರ್ ಬಂದ್ ಮಾಡಿರಿ, ಪೆಟ್ರೋಲ್ ಬಂಕಿಗೆ ಹೋಗುವ ಮುಂಚೆಯಂತೂ ಖಂಡಿತ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಮನೆಗಳಲ್ಲಿ ಗೋಡೆಗೆ ಹಾಕುತ್ತಾರಲ್ಲ, ಆ ಗ್ಯಾಸ್ ಗೀಸರನ್ನು ಅಗ್ಗ ಅಂತ ವ್ಯಾನಿನ ಬಚ್ಚಲಿಗೆ ಹಾಕಿಸಬೇಡಿ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ವ್ಯಾನಿನ ಬಚ್ಚಲು ಮನೆಯದಕ್ಕಿಂತ ಎಷ್ಟೋ ಚಿಕ್ಕದು.

ಕೊನೆಗೆ ನಮ್ಮೂರಿನ ನೀರು. ಹೊರಡುವಾಗ ಬೋರ್‌ವೆಲ್ ನೀರು ತುಂಬಿಸಿದರೆ ಕಾಯಿಲ್ ಮೇಲೆ ಬಿಳಿ ಚಕ್ಕೆ ಕಟ್ಟುತ್ತದೆ. ಸಿಕ್ಕರೆ ಕಾವೇರಿ ನೀರೇ ತುಂಬಿಸಿ. ಉಕ್ಕಿನ ಟ್ಯಾಂಕಿನ ಗೀಸರಿನಲ್ಲಿ ಮೆಗ್ನೀಸಿಯಮ್ ಸರಳು ಒಂದಿರುತ್ತದೆ, ಆನೋಡ್ ರಾಡ್ ಅನ್ನುತ್ತಾರೆ. ಟ್ಯಾಂಕು ತುಕ್ಕು ಹಿಡಿಯುವ ಬದಲು ಅದು ಸವೆಯುತ್ತದೆ. ಹೊಸದು ಹೆಬ್ಬೆರಳಿನಷ್ಟು ದಪ್ಪ, ನುಣುಪು. ಸವೆದದ್ದರಲ್ಲಿ ಅಲ್ಲಲ್ಲಿ ಗುಳಿ ಬಿದ್ದು ನಡುವಿನ ತಂತಿ ಕಾಣುತ್ತದೆ. ಅಷ್ಟಾದರೆ ಬದಲಾಯಿಸಲೇಬೇಕು.

ಪ್ರವಾಸ ಮುಗಿಸಿ ಗಾಡಿ ನಿಲ್ಲಿಸುವಾಗ ಗೀಸರ್ ಆರಿಸಿ, ಪಂಪು ಆರಿಸಿ, ನೀರು ಪೂರ್ತಿ ತಣ್ಣಗಾಗಲು ಬಿಡಿ. ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸಿದ ಮೇಲೆ ಕೆಳಗಿನ ಬಿರಡೆ ಬಿಚ್ಚಿ. ಮುಂದಿನ ಸಲ ಆ ಗಾಡಿ ಹತ್ತುವವರಿಗಾಗಿ, ಗೀಸರ್ ಖಾಲಿ ಇದೆ ಅಂತ ಒಂದು ಚೀಟಿ ಬರೆದು ಸ್ವಿಚ್ಚಿನ ಮೇಲೇ ಅಂಟಿಸಿ. ನಮಸ್ಕಾರ.