ಕೆರೆಯ ಗಾಳಿಗೂ ಒಂದು ದಿನಚರಿ ಇದೆ

ಎಲ್ಲರಿಗೂ ನಮಸ್ಕಾರ.

ನಾಳೆ ನಿಮ್ಮಲ್ಲಿ ಬಹಳ ಜನ ಮೊದಲ ಸಲ ಹಾಯಿದೋಣಿ ಹತ್ತುತ್ತೀರಿ. ಕೆಆರ್‌ಎಸ್ ಹಿನ್ನೀರು ನಿಮಗೆ ಹೊಸದಲ್ಲ. ಮೀನಾಕ್ಷಿಪುರಕ್ಕೆ ಊಟ ಕಟ್ಟಿಕೊಂಡು ಹೋಗಿ, ದಂಡೆಯಲ್ಲಿ ಕೂತು ಬಂದವರೇ ಎಲ್ಲರೂ. ಆದರೆ ಗಾಳಿಯನ್ನೇ ನಂಬಿಕೊಂಡು ಆ ನೀರಿನ ಮೇಲೆ ಹೋಗುವುದು ಬೇರೆ ಮಾತು.

ಬೆಳಿಗ್ಗೆಯಿಂದ ನಾಲ್ಕು ಜನ ಫೋನ್ ತೋರಿಸಿ ಕೇಳಿದರು: "ನಾಳೆ ಗಾಳಿ ಎಂಟು ನಾಟ್ ಅಂತಿದೆ, ಸಾಕಾ?" ನಾಟ್ ಅಂದರೆ ಗಾಳಿಯ ವೇಗದ ಅಳತೆ, ಒಂದು ನಾಟ್ ಗಂಟೆಗೆ ಸುಮಾರು 1.85 ಕಿಲೋಮೀಟರ್. ನಾನು ತಿರುಗಿ ಕೇಳಿದ್ದು ಒಂದೇ. ಎಷ್ಟು ಹೊತ್ತಿಗೆ? ಸಮುದ್ರದಿಂದ ದೂರ ಇರುವ ನಮ್ಮಂಥ ಜಾಗದಲ್ಲಿ ಬೆಳಿಗ್ಗೆ ಏಳಕ್ಕೆ ಇರುವ ಗಾಳಿಗೂ ಮಧ್ಯಾಹ್ನ ಮೂರಕ್ಕೆ ಇರುವ ಗಾಳಿಗೂ ಸಂಬಂಧವೇ ಇರುವುದಿಲ್ಲ.

ಕೆರೆಯ ಮೇಲೆ ಬೀಸುವ ಗಾಳಿ ಕೆರೆಯದಲ್ಲ, ಸುತ್ತಲಿನ ನೆಲದ್ದು. ಮಂಗಳೂರಿನಲ್ಲಿ ಹಾಗಲ್ಲ. ಅಲ್ಲಿ ಹಗಲು ನೆಲ ಕಾಯುತ್ತದೆ, ಸಮುದ್ರ ತಂಪಾಗಿಯೇ ಇರುತ್ತದೆ, ಆ ವ್ಯತ್ಯಾಸದಿಂದಲೇ ಕಡಲಗಾಳಿ ಎದ್ದು ಬರುತ್ತದೆ. ನಮ್ಮ ಜಲಾಶಯಕ್ಕೆ ಅಷ್ಟು ಕಸುವಿಲ್ಲ. ಹಾಗಾಗಿ ಇಲ್ಲಿ ನೀರಿನಷ್ಟೇ ದಂಡೆಯನ್ನೂ ನೋಡಬೇಕು. ಹೊಲ, ಮರ, ಹೊಗೆ, ಹಕ್ಕಿ, ಎಲ್ಲವೂ ಗಾಳಿಯ ಸುದ್ದಿ ಹೇಳುತ್ತವೆ.

ರಾತ್ರಿಯಿಂದ ಶುರು ಮಾಡೋಣ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಕೆಳಗೇ ಕೂತುಬಿಡುತ್ತದೆ. ಮೇಲಿನ ಗಾಳಿ ನಿಂತಿರುವುದಿಲ್ಲ. ನೂರಿನ್ನೂರು ಮೀಟರ್ ಮೇಲೆ ಅದು ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಎಷ್ಟೋ ಸಲ ಹಗಲಿಗಿಂತ ಜೋರಾಗಿಯೇ ಹರಿಯುತ್ತದೆ, ಯಾಕೆಂದರೆ ನೆಲದ ಮರ ಮನೆಗಳ ತಡೆ ಅದಕ್ಕೆ ತಾಗುವುದಿಲ್ಲ. ಚಿತ್ರದುರ್ಗದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದೀರಲ್ವಾ? ಕೆಳಗೆ ಎಲೆ ಅಲುಗದಿದ್ದರೂ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಲೇ ಇರುತ್ತವೆ.

ಬೆಳಗಿನ ಜಾವ ಹಿನ್ನೀರಿಗೆ ಬಂದರೆ ಇದನ್ನು ಕಣ್ಣಾರೆ ನೋಡಬಹುದು. ಈಗ ಕಬ್ಬು ಅರೆಯುವ ಕಾಲ. ಆಲೆಮನೆಯಿಂದ ಹೊಗೆ ಏಳುತ್ತದೆ. ಸ್ವಲ್ಪ ಎತ್ತರ ನೆಟ್ಟಗೆ ಏರುತ್ತದೆ. ಆಮೇಲೆ ಯಾರೋ ಅಡ್ಡ ಹಲಗೆ ಇಟ್ಟ ಹಾಗೆ ಅಲ್ಲೇ ನಿಂತು, ಚಪ್ಪಟೆಯಾಗಿ, ಗದ್ದೆಯ ಮೇಲೆ ಉದ್ದಕ್ಕೆ ಹಾಸಿಕೊಳ್ಳುತ್ತದೆ. ಆ ಹಲಗೆಯ ಕೆಳಗಿರುವುದು ತಣ್ಣನೆ ಗಾಳಿ, ಮೇಲಿರುವುದು ಬೆಚ್ಚನೆ ಗಾಳಿ. ಹೊಗೆ ಹಾಗೆ ಮಲಗಿರುವವರೆಗೂ ನಿಮ್ಮ ಹಾಯಿ ಸುಮ್ನೆ ನೇತಾಡುತ್ತದೆ. ಆ ಹೊತ್ತಿನಲ್ಲಿ ದೋಣಿ ಜೋಡಿಸಿ, ಹಗ್ಗ ನೋಡಿಕೊಳ್ಳಿ, ತಿಂಡಿ ತಿನ್ನಿ.

ಎಂಟೂವರೆ ಒಂಬತ್ತಕ್ಕೆ ನೆಲ ಕಾಯಲು ಶುರುವಾಗುತ್ತದೆ. ಬಿಸಿಯಾದ ಗಾಳಿ ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತದೆ, ಅನ್ನದ ಎಸರು ಕುದಿಯಲು ಶುರುವಾದ ಹಾಗೆ. ಗುಳ್ಳೆ ಮೇಲೆ ಹೋದಂತೆ ಅದರ ಜಾಗಕ್ಕೆ ಮೇಲಿನ ಗಾಳಿ ಕೆಳಗೆ ಇಳಿಯುತ್ತದೆ. ಇಳಿಯುವಾಗ ತನ್ನ ವೇಗವನ್ನೂ ಜೊತೆಗೇ ತರುತ್ತದೆ. ನಮಗೆ ಬೇಕಾದ ಗಾಳಿ ಅದೇ. ಅದು ಎಲ್ಲಿಂದಲೋ ಬಂದದ್ದಲ್ಲ, ರಾತ್ರಿಯಿಡೀ ನಮ್ಮ ತಲೆಯ ಮೇಲೇ ಇತ್ತು. ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರಲು ಶುರು ಮಾಡಿದವು ಅಂದರೆ ಗುಳ್ಳೆ ಏಳುತ್ತಿದೆ ಎಂದೇ ಅರ್ಥ. ಆಲೆಮನೆ ಹೊಗೆಯೂ ಆಗ ಚದುರಿ ಓರೆಯಾಗುತ್ತದೆ.

ನಮ್ಮ ಅಜ್ಜನಿಗೆ ಹಾಯಿದೋಣಿ ಗೊತ್ತಿರಲಿಲ್ಲ, ಆದರೆ ಈ ಹೊತ್ತು ಗೊತ್ತಿತ್ತು. ಸುಗ್ಗಿಯಲ್ಲಿ ಬೆಳಿಗ್ಗೆಯೇ ಕಣದಲ್ಲಿ ರಾಗಿ ರಾಶಿ ಮಾಡಿ, ಮೊರ ಪಕ್ಕಕ್ಕಿಟ್ಟು ಕಾಯುತ್ತಾ ಕೂರುತ್ತಿದ್ದ. ಹೊತ್ತು ಏರಿ ಮರದ ತುದಿ ಅಲುಗಿದ ಕೂಡಲೇ ಎದ್ದು ನಿಲ್ಲುತ್ತಿದ್ದ. ಗಾಳಿ ಬಂದಾಗ ತೂರಿಕೋ ಎನ್ನುವ ಮಾತನ್ನು ನಾವು ಈಗ ಯಾವುದಕ್ಕೋ ಬಳಸುತ್ತೇವೆ. ಕಣದಲ್ಲಿ ಅದು ಗಂಟೆ ಗೊತ್ತಿದ್ದವರ ಮಾತು.

ಹನ್ನೊಂದರಿಂದ ಮಧ್ಯಾಹ್ನದವರೆಗೆ ಗಾಳಿ ಏರುತ್ತಾ ಹೋಗುತ್ತದೆ. ಎರಡರಿಂದ ನಾಲ್ಕರ ನಡುವೆ ಅದರ ಜೋರು ಜಾಸ್ತಿ. ಆದರೆ ಒಂದೇ ಸಮ ಬೀಸುವುದಿಲ್ಲ. ಮೇಲಿನಿಂದ ಮುದ್ದೆ ಮುದ್ದೆಯಾಗಿ ಬೀಳುತ್ತದೆ. ಇದನ್ನು ದಯವಿಟ್ಟು ಚೆನ್ನಾಗಿ ನೋಡಿ ಕಲಿಯಿರಿ. ದೂರದ ನೀರಿನ ಮೇಲೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಮೋಡದ ನೆರಳಲ್ಲ ಅದು. ಗಾಳಿ ನೀರನ್ನು ಸಣ್ಣಗೆ ಕೆರೆದಾಗ ಬೆಳಕು ಬೇರೆ ಕಡೆ ಚೆಲ್ಲಿ ನೀರು ಕಪ್ಪಾಗಿ ಕಾಣುವುದು. ಮಚ್ಚೆ ನಿಮ್ಮ ಕಡೆಗೇ ಓಡಿ ಬರುತ್ತದೆ. ಮೂರು ಎಣಿಸುವಷ್ಟರಲ್ಲಿ ಹಾಯಿಗೆ ಕಟ್ಟಿದ ಉಣ್ಣೆಯ ದಾರ ಪಟಪಟ ಅನ್ನುತ್ತದೆ, ಕೆನ್ನೆಗೆ ತಣ್ಣಗೆ ತಾಗುತ್ತದೆ, ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ಮಚ್ಚೆ ಕಂಡಾಗಲೇ ಮೈಯನ್ನು ಆಚೆ ಪಕ್ಕಕ್ಕೆ ಹಾಕಿ ಹಗ್ಗ ಸಡಿಲಿಸಲು ಸಿದ್ಧವಾಗಿದ್ದವರು ಸಲೀಸಾಗಿ ಮುಂದೆ ಹೋಗುತ್ತಾರೆ. ಕಾಣದವರು ನೀರಿಗೆ ಬೀಳುತ್ತಾರೆ.

ಇನ್ನೊಂದು ವಿಷಯ. ಹೀಗೆ ಬಿದ್ದ ಗಾಳಿ ನೆಲಕ್ಕೆ ಸುರಿದ ರಾಗಿಯ ಹಾಗೆ ಸುತ್ತ ಹರಡುತ್ತದೆ. ಮಚ್ಚೆಯ ಎಡ ಅಂಚಿನಲ್ಲಿ ಅದು ಒಂದು ದಿಕ್ಕಿನಿಂದ ಬಂದರೆ ಬಲ ಅಂಚಿನಲ್ಲಿ ಬೇರೆ ದಿಕ್ಕಿನಿಂದ ಬರುತ್ತದೆ. ಒಳನಾಡಿನ ಕೆರೆಯಲ್ಲಿ ಕಲಿತವರ ಕಣ್ಣು ಚುರುಕಾಗುವುದೇ ಈ ಕಾರಣಕ್ಕೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹುಡುಗಿಯರ ಐಎಲ್‌ಸಿಎ 4 ಎಂಬ, ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿಯ ಪಂದ್ಯದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಕಲಿತದ್ದು ಭೋಪಾಲದ ಬಡಾ ತಾಲಾಬ್‌ನಲ್ಲಿ. ಅದು ಸಮುದ್ರವಲ್ಲ, ಕೆರೆ.

ಗಾಳಿಯ ಬಲದ ಲೆಕ್ಕವೂ ತಲೆಯಲ್ಲಿರಲಿ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟು. ಬೆಳಿಗ್ಗೆ ಆರು ನಾಟ್‌ನಲ್ಲಿ ಆರಾಮಾಗಿ ಕೂತಿದ್ದ ಹುಡುಗನಿಗೆ ಮಧ್ಯಾಹ್ನ ಹನ್ನೆರಡು ನಾಟ್‌ನಲ್ಲಿ ಅದೇ ದೋಣಿ ಬೇರೆ ಪ್ರಾಣಿಯ ಹಾಗೆ ಅನ್ನಿಸುತ್ತದೆ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗೆ ಒಡೆಯಲು ಶುರುವಾದರೆ ಗಾಳಿ ಹತ್ತು ನಾಟ್ ಆಸುಪಾಸಿಗೆ ಬಂದಿದೆ ಎಂದುಕೊಳ್ಳಿ. ಹೊಸಬರು ಆಗ ದಂಡೆಗೆ ಹತ್ತಿರ ಇರಲಿ. ಆದರೆ ಗಾಳಿ ಬರುವ ಕಡೆಯ ದಂಡೆಯಲ್ಲಿ ಮರಗಳಿದ್ದರೆ, ಅವುಗಳ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಕೆಟ್ಟಿರುತ್ತದೆ, ಅದೂ ಗೊತ್ತಿರಲಿ.

ಈ ದಿನಚರಿ ಅತಿ ಸ್ಪಷ್ಟವಾಗಿ ಕಾಣುವುದು ಇಟಲಿಯ ಗಾರ್ಡಾ ಸರೋವರದಲ್ಲಿ. ಉದ್ದ ಸುಮಾರು 52 ಕಿಲೋಮೀಟರ್, ಉತ್ತರದ ತುದಿಯಲ್ಲಿ ಎರಡೂ ಕಡೆ ಕಡಿದಾದ ಬೆಟ್ಟ. ರಾತ್ರಿ ಬೆಟ್ಟಗಳಿಂದ ತಣ್ಣನೆ ಗಾಳಿ ಇಳಿದು ಬೆಳಗಿನ ಹೊತ್ತು ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಅದರ ಹೆಸರು ಪೆಲೇರ್. ಸ್ವಲ್ಪ ಹೊತ್ತು ನೀರು ಕನ್ನಡಿಯಾಗುತ್ತದೆ. ಮಧ್ಯಾಹ್ನ ಬೆಟ್ಟ ಕಣಿವೆಗಳು ಕಾದು ಬಯಲಿನ ಗಾಳಿಯನ್ನು ಮೇಲಕ್ಕೆ ಎಳೆದುಕೊಂಡಾಗ ದಕ್ಷಿಣದಿಂದ ಓರಾ ಬರುತ್ತದೆ. ಗಾಳಿಗೇ ಹೆಸರಿಟ್ಟು, ಅದರ ಹೊತ್ತಿಗೆ ಊಟ, ನಿದ್ದೆ, ಪಂದ್ಯ ಎಲ್ಲ ಹೊಂದಿಸಿಕೊಂಡಿದ್ದಾರೆ. ನಮ್ಮ ಹಿನ್ನೀರಿನ ಸುತ್ತ ಅಂಥ ಬೆಟ್ಟಗಳಿಲ್ಲ, ಆದ್ದರಿಂದ ನಮ್ಮ ಗಾಳಿ ಅಷ್ಟು ಕರಾರುವಾಕ್ಕಲ್ಲ.

ಆಷಾಢದಲ್ಲಿ ಈ ಲೆಕ್ಕ ಅರ್ಧ ಕೆಡುತ್ತದೆ. ಮುಂಗಾರಿನ ಪಡುವಣ ಗಾಳಿಗೆ ಬಿಸಿಲಿನ ಹಂಗಿಲ್ಲ, ಮೋಡ ಕವಿದಿದ್ದರೂ ಬೀಸುತ್ತದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ದೊಡ್ಡ ಪಂದ್ಯಗಳನ್ನು ಮಳೆಗಾಲದಲ್ಲಿ ಇಡುವುದು ಅದಕ್ಕೇ. ಇನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳು. ಆಗ ನನಗೆ ಭಯವೇ. ಗುಡುಗು ಮೋಡ ಬೆಳೆಯುತ್ತಿರುವಾಗ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಗಿ, ದೂರದ ಮಳೆಯ ಮಣ್ಣಿನ ವಾಸನೆ ಬಂದರೆ, ಕೆಲವೇ ನಿಮಿಷಗಳಲ್ಲಿ ಮೋಡದ ಕಡೆಯಿಂದ ತಣ್ಣನೆ ಗಾಳಿ ಅಪ್ಪಳಿಸಬಹುದು. ಹಾಯಿ ಇಳಿಸಿ ದಡಕ್ಕೆ ಬನ್ನಿ. ಗುಡುಗು ಕೇಳಿದ ಮೇಲೆ ಅಲ್ಯೂಮಿನಿಯಂ ಕಂಬದ ಪಕ್ಕ ಯಾರೂ ನೀರಿನ ಮೇಲೆ ಇರಕೂಡದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಮತ್ತೆ ಇಳಿಯಬೇಡಿ.

ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಒಂದು ನವೆಂಬರ್ ಮಧ್ಯಾಹ್ನ ನಾನೂ ಗೆಳೆಯನೂ ಒಳ್ಳೆಯ ಗಾಳಿ ಸಿಕ್ಕಿತೆಂದು ದಂಡೆಯಿಂದ ಎರಡು ಕಿಲೋಮೀಟರ್ ಆಚೆ ಹೋಗಿದ್ದೆವು. ಐದು ಗಂಟೆಗೆ ಗಾಳಿ ನಿಂತಿತು. ಕಡಿಮೆಯಾಗಲಿಲ್ಲ, ನಿಂತೇಹೋಯಿತು. ಬಿಸಿಲು ಓರೆಯಾಗಿ ನೆಲದ ಕಾವು ಇಳಿದರೆ ಗುಳ್ಳೆ ಏಳುವುದಿಲ್ಲ, ಮೇಲಿನ ಗಾಳಿ ಕೆಳಗೆ ಬರುವುದಿಲ್ಲ. ಅದಕ್ಕೆ ಸೂರ್ಯ ಮುಳುಗುವವರೆಗೂ ಕಾಯಬೇಕಿಲ್ಲ. ನಮ್ಮಲ್ಲಿ ಇದ್ದದ್ದು ಒಂದೇ ಹುಟ್ಟು. ಸರದಿಯ ಮೇಲೆ ಹಾಕಿದೆವು. ಕತ್ತಲಾಯಿತು, ದಂಡೆಯ ಮರಗಳೆಲ್ಲ ಒಂದೇ ಥರ ಕಂಡವು. ಆಲೆಮನೆಯ ಒಲೆಯ ಬೆಂಕಿ ಕೆಂಪಗೆ ಕಂಡದ್ದರಿಂದ ದಿಕ್ಕು ಸಿಕ್ಕಿತು. ಅಂದಿನಿಂದ ನಾಲ್ಕೂವರೆಗೆ ನಾನು ದೋಣಿಯ ಮೂತಿಯನ್ನು ಮನೆ ಕಡೆ ತಿರುಗಿಸುತ್ತೇನೆ, ಗಾಳಿ ಎಷ್ಟೇ ಚೆನ್ನಾಗಿರಲಿ.

ನಾಳೆ ಏಳೂವರೆಗೆ ಬನ್ನಿ. ಲೈಫ್ ಜಾಕೆಟ್ ಇಲ್ಲಿದೆ, ಟೋಪಿ ನೀರು ನೀವು ತನ್ನಿ. ಒಂದೊಂದು ದೋಣಿಗೂ ಎರಡೆರಡು ಹುಟ್ಟು ಇಟ್ಟಿದ್ದೇನೆ. ದೋಣಿ ಜೋಡಿಸಿದ ಮೇಲೆ ದಂಡೆಯಲ್ಲಿ ಕೂತು ಆ ಹೊಗೆ ಯಾವಾಗ ಓರೆಯಾಗುತ್ತದೆ ನೋಡೋಣ. ಮೊದಲು ಕಂಡವರು ಕೂಗಿ, ಆಗ ಇಳಿಯೋಣ.